ಪದಕದ ಟಾರ್ಗೆಟ್ ಯಾರದ್ದು, ಬೆನ್ನು ಯಾರದ್ದು?

ಜುಲೈ 23ಕ್ಕೆ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್ ಗೇಮ್ಸ್ ಶುರು. ಅದು ಮುಗಿದ ಮೇಲೆ ಆಗಸ್ಟ್ ಮೊದಲ ವಾರ ಟೀವಿಗಳಲ್ಲಿ ಯಾವ ಚರ್ಚೆ ನಡೆಯುತ್ತೆ ಅಂತ ಈಗಲೇ ಹೇಳಿಬಿಡಬಹುದು: 'ಭಾರತ ಎಡವಿದ್ದೆಲ್ಲಿ?' 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ನಮ್ಮವರು 61 ಪದಕ ತಂದಿದ್ದರು. ಈ ಸಲ ಅಷ್ಟು ಬರೋದು ತೀರಾ ಕಷ್ಟ. ಕಾರಣ ಹುಡುಕಲು ಯಾವ ತಜ್ಞರೂ ಬೇಡ. ಖರ್ಚು ತಗ್ಗಿಸಲು ಗ್ಲಾಸ್ಗೋ ಹತ್ತೇ ಹತ್ತು ಕ್ರೀಡೆಗಳನ್ನು ಇಟ್ಟುಕೊಂಡಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಮಗೆ ಕುಸ್ತಿಯಲ್ಲಿ 12, ಟೇಬಲ್ ಟೆನಿಸ್‌ನಲ್ಲಿ 7, ಬ್ಯಾಡ್ಮಿಂಟನ್‌ನಲ್ಲಿ 6, ಹಾಕಿ ಮತ್ತು ಸ್ಕ್ವಾಷ್‌ನಲ್ಲಿ ತಲಾ 2, ಕ್ರಿಕೆಟ್‌ನಲ್ಲಿ 1 ಪದಕ ಬಂದಿತ್ತು. ಈ ಆರೂ ಈ ಸಲ ಇಲ್ಲ. ಕೂಡಿಸಿ ನೋಡಿ, 30 ಆಗುತ್ತೆ. ಅಂದರೆ ಒಬ್ಬ ಅಥ್ಲೀಟೂ ಮೈದಾನಕ್ಕೆ ಇಳಿಯುವ ಮೊದಲೇ ನಮ್ಮ ಪದಕಪಟ್ಟಿಯ ಅರ್ಧ ಹೋಗಿ ಆಯ್ತು.

ಪದಕಗಳ ಸಂಖ್ಯೆಯನ್ನೇ ಗುರಿ ಅಂತ ಇಟ್ಟುಕೊಂಡವರಿಗೆ ಇದೊಂದು ಎಚ್ಚರಿಕೆ ಆಗಬೇಕಿತ್ತು. ಆದರೆ ನಮ್ಮಲ್ಲಿ ಗುರಿ ಅಂದರೆ ಸಂಖ್ಯೆ, ಸಂಖ್ಯೆ ಅಂದರೆ ಘೋಷಣೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ 'ಇಸ್ ಬಾರ್, ಸೌ ಪಾರ್' ಅಂದರು. 107 ಪದಕ ಬಂತು, ಘೋಷಣೆ ಗೆದ್ದಿತು. ಅದೇ ಹುರುಪಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡಂಕಿ ಗ್ಯಾರಂಟಿ ಎಂಬ ಮಾತು ಎಲ್ಲೆಡೆ ಓಡಾಡಿತು. ಬಂದದ್ದು ಆರು. 2028ಕ್ಕೆ ಮೊದಲ ಹತ್ತರೊಳಗೆ ಇರ್ತೀವಿ ಅಂತ ಕಿರಣ್ ರಿಜಿಜು ಕ್ರೀಡಾ ಸಚಿವರಾಗಿದ್ದಾಗ ಹೇಳಿದ್ದರು. ಪ್ಯಾರಿಸ್‌ನಲ್ಲಿ ನಮ್ಮ ಸ್ಥಾನ 71. ಈಗಿನ ಸಚಿವ ಮನ್ಸುಖ್ ಮಾಂಡವೀಯ ಅದೇ ಹತ್ತನ್ನು 2036ಕ್ಕೆ ತಳ್ಳಿದ್ದಾರೆ. 2047ಕ್ಕೆ ಮೊದಲ ಐದು!

2047 ಯಾಕೆ? ಸ್ವಾತಂತ್ರ್ಯಕ್ಕೆ ನೂರು ವರ್ಷ. ಇಲ್ಲಿ ಕರ್ನಾಟಕದಲ್ಲೂ ಇದೇ ಲೆಕ್ಕ. ಬೊಮ್ಮಾಯಿ ಸರ್ಕಾರ ಪ್ಯಾರಿಸ್ ಮೇಲೆ ಕಣ್ಣಿಟ್ಟು 'ಅಮೃತ ಕ್ರೀಡಾ ದತ್ತು ಯೋಜನೆ' ತಂದಿತು. ಎಷ್ಟು ಕ್ರೀಡಾಪಟುಗಳ ದತ್ತು? 75. ರಾಜ್ಯದಲ್ಲಿ ಒಲಿಂಪಿಕ್ ಅರ್ಹತೆಯ ಹತ್ತಿರ ಇರುವವರು ಎಷ್ಟು ಜನ ಅಂತ ಎಣಿಸಿ ಬಂದ ಸಂಖ್ಯೆಯಲ್ಲ ಅದು. ಅಮೃತ ಮಹೋತ್ಸವಕ್ಕೆ 75 ವರ್ಷ, ಹಾಗಾಗಿ 75 ಜನ. ಯೋಜನೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ, ದುಡ್ಡು ಸಿಕ್ಕವರಿಗೆ ಖಂಡಿತ ಅನುಕೂಲ ಆಗಿರುತ್ತೆ. ನನ್ನ ತಕರಾರು ಗುರಿ ಹುಟ್ಟುವ ಜಾಗದ ಬಗ್ಗೆ. ನಮ್ಮ ಕ್ರೀಡಾ ಗುರಿಗಳು ಮೈದಾನದಲ್ಲಿ ಹುಟ್ಟಲ್ಲ, ಕ್ಯಾಲೆಂಡರ್‌ನಲ್ಲಿ ಹುಟ್ಟುತ್ತವೆ.

ಗುರಿ ಇಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಗುರಿ ಕೆಲಸ ಮಾಡುತ್ತೆ. ಯಾವಾಗ ಮಾಡುತ್ತೆ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ಕ್ರೀಡೆಯದ್ದಲ್ಲ, ಮರದ ದಿಮ್ಮಿ ಸಾಗಿಸುವ ಲಾರಿಗಳದ್ದು. 1970ರ ದಶಕದಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಮನಶ್ಶಾಸ್ತ್ರಜ್ಞ ಗ್ಯಾರಿ ಲ್ಯಾಥಮ್ ಅವರ ಮುಂದೆ ಒಂದು ಸಮಸ್ಯೆ ಬಂತು. ಲಾರಿ ಚಾಲಕರು ಕಾನೂನು ಒಪ್ಪುವ ತೂಕದ ಸುಮಾರು 60 ಪ್ರತಿಶತ ಮಾತ್ರ ಹೇರುತ್ತಿದ್ದರು. 'ನಿಮ್ಮ ಕೈಲಾದಷ್ಟು ಮಾಡಿ' ಅಂತ ಹೇಳಿ ಪ್ರಯೋಜನ ಆಗಿರಲಿಲ್ಲ. ಲ್ಯಾಥಮ್ ಕೊಟ್ಟದ್ದು ಒಂದೇ ಸ್ಪಷ್ಟ ಗುರಿ: 94 ಪ್ರತಿಶತ. ಕೆಲವೇ ತಿಂಗಳಲ್ಲಿ ಲಾರಿಗಳು 90 ಪ್ರತಿಶತ ದಾಟಿ ತುಂಬತೊಡಗಿದವು. ಲ್ಯಾಥಮ್ ಮತ್ತು ಎಡ್ವಿನ್ ಲಾಕ್ ಸೇರಿ ಕಟ್ಟಿದ ಗುರಿ-ನಿಗದಿ ಸಿದ್ಧಾಂತ ಇವತ್ತು ಜಗತ್ತಿನ ಎಲ್ಲ ಕೋಚಿಂಗ್ ಮ್ಯಾನುವಲ್‌ಗಳಲ್ಲೂ ಇದೆ, ಐಟಿ ಕಂಪನಿಗಳ ಅಪ್ರೈಸಲ್ ಫಾರ್ಮ್‌ನಲ್ಲೂ ಇದೆ. ಸ್ಪಷ್ಟವಾದ, ಕಷ್ಟದ ಗುರಿ ಇದ್ದರೆ ಜನ ಚೆನ್ನಾಗಿ ಕೆಲಸ ಮಾಡ್ತಾರೆ. ಎಲ್ಲರೂ ಎತ್ತಿಕೊಂಡದ್ದು ಇಷ್ಟನ್ನೇ.

ಬಿಟ್ಟದ್ದು ಇನ್ನೆರಡು ಸಂಗತಿ. ಒಂದು, ಲಾರಿಗೆ ಎಷ್ಟು ಹೇರಬೇಕು ಅನ್ನೋದು ಪೂರ್ತಿ ಚಾಲಕರ ಕೈಯಲ್ಲೇ ಇತ್ತು. ಪಕ್ಕದ ಲಾರಿಯವನು ಎಷ್ಟು ಹೇರಿದ ಅನ್ನೋದಕ್ಕೂ ಇವನ ಗುರಿಗೂ ಸಂಬಂಧ ಇರಲಿಲ್ಲ. ಎರಡು, ಗುರಿ ತಪ್ಪಿದರೆ ಯಾರಿಗೂ ಶಿಕ್ಷೆ ಇಲ್ಲ ಅಂತ ಮೊದಲೇ ಮಾತು ಕೊಟ್ಟಿದ್ದರು. ಈ ಎರಡನ್ನೂ ಕಿತ್ತು ಹಾಕಿ ಬರೀ 94 ಉಳಿಸಿಕೊಂಡರೆ ಏನಾಗುತ್ತೆ? ಬಹುಶಃ ತೂಕದ ಯಂತ್ರವನ್ನೇ ತಿರುಚುತ್ತಾರೆ.

ಕ್ರೀಡಾ ಮನಶ್ಶಾಸ್ತ್ರದಲ್ಲಿ ಗುರಿಗಳನ್ನು ಮೂರು ಬಗೆ ಮಾಡ್ತಾರೆ. ಚಿನ್ನ ಗೆಲ್ಲೋದು ಫಲಿತಾಂಶದ ಗುರಿ, ಎದುರಾಳಿ ಹೇಗೆ ಆಡ್ತಾನೆ ಅನ್ನೋದೂ ಅದರಲ್ಲಿ ಸೇರಿದೆ. ಇಷ್ಟು ಮೀಟರ್, ಇಷ್ಟು ಸೆಕೆಂಡ್ ಅನ್ನೋದು ಸಾಧನೆಯ ಗುರಿ, ಇಲ್ಲಿ ನಿನಗೆ ನೀನೇ ಅಳತೆ. ಇನ್ನು ಓಟದ ಲಯ, ಎಡಗಾಲು ಊರುವ ರೀತಿ, ಭರ್ಜಿ ಕೈಬಿಡುವ ಕೋನ, ರಾತ್ರಿ ಎಷ್ಟು ಗಂಟೆ ನಿದ್ದೆ, ಇವೆಲ್ಲ ಪ್ರಕ್ರಿಯೆಯ ಗುರಿಗಳು. ಒಳ್ಳೆಯ ಕೋಚ್ ಮೊದಲನೆಯದನ್ನು ಗೋಡೆಗೆ ಅಂಟಿಸಿ ಮರೆಯುತ್ತಾರೆ, ಎರಡನೆಯದನ್ನು ತಿಂಗಳಿಗೊಮ್ಮೆ ನೋಡ್ತಾರೆ, ಮೂರನೆಯದನ್ನು ದಿನಾ ಬೆಳಿಗ್ಗೆ ಕೇಳ್ತಾರೆ.

ಭರ್ಜಿ ಅಂದೆ, ಹಾಗಾಗಿ ನೀರಜ್ ಚೋಪ್ರಾ ವಿಷಯಕ್ಕೆ ಬರ್ತೀನಿ. ಟೋಕಿಯೋದಲ್ಲಿ ನೀರಜ್ ಚಿನ್ನ ಗೆದ್ದದ್ದು 87.58 ಮೀಟರ್‌ಗೆ. ಅಲ್ಲಿಂದ ನಾವು ಪತ್ರಕರ್ತರು ನಾಲ್ಕು ವರ್ಷ ಕೇಳಿದ್ದು ಒಂದೇ ಪ್ರಶ್ನೆ: '90 ಯಾವಾಗ?' 2022ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ 89.94 ಎಸೆದಾಗ ಸುದ್ದಿಯಾದದ್ದು ಕೊರತೆಯಾದ ಆರು ಸೆಂಟಿಮೀಟರ್. 2023ರಲ್ಲಿ ಬುಡಾಪೆಸ್ಟ್‌ನಲ್ಲಿ 88.17ಕ್ಕೆ ವಿಶ್ವ ಚಾಂಪಿಯನ್ ಆದರು, ಆಗಲೂ '90 ಬರಲಿಲ್ಲವಲ್ಲ' ಎಂಬ ರಾಗ ನಿಲ್ಲಲಿಲ್ಲ. ಕೊನೆಗೆ 2025ರ ಮೇ 16ರಂದು ದೋಹಾದಲ್ಲಿ 90.23 ಬಂತು. ಆ ದಿನ ನೀರಜ್ ಗೆದ್ದರಾ? ಇಲ್ಲ. ಜರ್ಮನಿಯ ಯೂಲಿಯಾನ್ ವೆಬರ್ ಕೊನೆಯ ಎಸೆತದಲ್ಲಿ 91.06 ಹಾಕಿ ಮೊದಲಿಗರಾದರು. 87, 88ಕ್ಕೆ ಒಲಿಂಪಿಕ್ ಮತ್ತು ವಿಶ್ವ ಚಿನ್ನ, 90ಕ್ಕೆ ಎರಡನೇ ಸ್ಥಾನ.

ಅದೇ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನದೇ ಕೂಟ ನಡೆದಾಗ ನಾನೂ ಗ್ಯಾಲರಿಯಲ್ಲಿದ್ದೆ. 86.18ಕ್ಕೆ ಗೆದ್ದರು. ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗರಿಗೆ ಸ್ವಲ್ಪ ಬೇಜಾರು. 'ಮಗಾ, ತೊಂಬತ್ತು ಬರ್ಲಿಲ್ಲ ಕಣೋ.' ಅವರನ್ನು ಬೈದು ಪ್ರಯೋಜನ ಇಲ್ಲ. ಆ ಸಂಖ್ಯೆಯನ್ನು ಅವರ ತಲೆಯಲ್ಲಿ ಕೂರಿಸಿದ್ದು ನನ್ನಂಥವರೇ.

ಸಂಖ್ಯೆ ತಪ್ಪಿದಾಗ ಹೊಣೆ ಯಾರ ಮೇಲೆ ಬೀಳುತ್ತೆ ಅನ್ನೋದು ಸ್ಪಷ್ಟವಾಗಿ ಕಂಡದ್ದು ಪ್ಯಾರಿಸ್‌ನಲ್ಲಿ, 2024ರ ಆಗಸ್ಟ್ 5ರಂದು. ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಝಿ ಜಿಯಾ ಎದುರು ಮೊದಲ ಗೇಮ್ 21-13ರಿಂದ ಗೆದ್ದು, ಉಳಿದೆರಡನ್ನು ಸೋತರು. ಕೋಚ್ ಕುರ್ಚಿಯಲ್ಲಿದ್ದ ಪ್ರಕಾಶ್ ಪಡುಕೋಣೆ ಆಮೇಲೆ ಹೇಳಿದ ಮಾತಿನ ಸಾರ ಇಷ್ಟು: ಸರ್ಕಾರ, ಫೆಡರೇಷನ್ ತಮ್ಮ ಕೈಲಾದದ್ದೆಲ್ಲ ಮಾಡಿವೆ, ಇನ್ನು ಆಟಗಾರರೂ ಜವಾಬ್ದಾರಿ ಹೊರಬೇಕು. ಅದಕ್ಕೆ ಬಹಿರಂಗವಾಗಿ ಉತ್ತರ ಕೊಟ್ಟದ್ದು ಕೊಡಗಿನ ಅಶ್ವಿನಿ ಪೊನ್ನಪ್ಪ. ಗೆದ್ದರೆ ಹೆಸರು ಹಂಚಿಕೊಳ್ಳಲು ಎಲ್ಲರೂ ಬರ್ತಾರೆ, ಸೋತರೆ ಆಟಗಾರ ಮಾತ್ರವಾ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಕೇಳಿದರು. ಕನ್ನಡ ನಾಡಿನ ಬ್ಯಾಡ್ಮಿಂಟನ್‌ನ ಎರಡು ದೊಡ್ಡ ಹೆಸರುಗಳು. ನಾವು ಅದನ್ನು ಎರಡು ದಿನದ ಜಗಳ ಅಂತ ಓದಿ ಮುಂದೆ ಹೋದ್ವಿ.

ಪ್ರಕಾಶ್ ಸರ್ ಹೇಳಿದ್ದರಲ್ಲಿ ಸತ್ಯ ಇದೆ. ಸೆಮಿಫೈನಲ್‌ನಲ್ಲಿ ಆಕ್ಸೆಲ್ಸೆನ್ ವಿರುದ್ಧ ಮೊದಲ ಗೇಮ್‌ನಲ್ಲಿ 20-17, ಎರಡನೆಯದರಲ್ಲಿ 7-0 ಮುಂದಿದ್ದೂ ಸೋತ ಆಟಗಾರ, ಮಾನಸಿಕ ಸಿದ್ಧತೆ ಬಗ್ಗೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಈಗಿನವರಿಗೆ ಸಿಗುವ ವಿದೇಶಿ ತರಬೇತಿ, ಫಿಸಿಯೋ ಯಾವುದೂ ಇಲ್ಲದ ಕಾಲದಲ್ಲಿ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರ ಬಾಯಲ್ಲಿ ಆ ಮಾತಿಗೆ ತೂಕವೂ ಇದೆ. ಆದರೂ ನಾನು ಅಶ್ವಿನಿ ಕಡೆ. ಯಾಕಂದರೆ 'ಸರ್ಕಾರ ಎಲ್ಲ ಮಾಡಿದೆ' ಅನ್ನುವ ಅರ್ಧವನ್ನು ಅಳೆದವರು ಯಾರೂ ಇಲ್ಲ. ಆಟಗಾರನ ಅರ್ಧಕ್ಕೆ ಮಾತ್ರ ಸ್ಕೋರ್‌ಬೋರ್ಡ್ ಇದೆ.

ಪ್ಯಾರಿಸ್‌ನಲ್ಲಿ ನಮ್ಮವರು ಒಟ್ಟು ಆರು ಸಲ ನಾಲ್ಕನೇ ಸ್ಥಾನ ಪಡೆದರು. ಮೀರಾಬಾಯಿ ಚಾನು ಎತ್ತಿದ್ದು 199 ಕಿಲೋ, ಕಂಚು ಹೋದದ್ದು 200ಕ್ಕೆ. ಆ ಆರರಲ್ಲಿ ನಾಲ್ಕು ಈ ಕಡೆ ವಾಲಿದ್ದರೆ ಎರಡಂಕಿಯ 'ಟಾರ್ಗೆಟ್ ರೀಚ್ಡ್' ಅಂತ ಟ್ವೀಟ್ ಬರುತ್ತಿತ್ತು. ವ್ಯವಸ್ಥೆ ಅದೇ, ಕೋಚ್‌ಗಳು ಅವರೇ, ಊಟ ಅದೇ. ಇಷ್ಟು ಸಣ್ಣ ಸಂಖ್ಯೆಗಳು ಗಾಳಿ ಬೀಸಿದ ಕಡೆ ವಾಲುತ್ತವೆ. ಅದರಿಂದ ಒಂದು ವ್ಯವಸ್ಥೆಯ ಆರೋಗ್ಯ ಅಳೆಯೋದು ಅಂದರೆ ಜ್ವರ ನೋಡಲು ನಾಣ್ಯ ಚಿಮ್ಮಿದ ಹಾಗೆ.

ಇಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬ್‌ನಲ್ಲಿ ನಮ್ಮ ಮೇಷ್ಟ್ರು ಒಂದು ಮಾತು ಹೇಳೋರು. ಫರ್ನೇಸ್‌ನ ಸೆಟ್ ಪಾಯಿಂಟ್ ಅನ್ನು ನೀವು ಎಷ್ಟಕ್ಕೆ ಬೇಕಾದರೂ ತಿರುಗಿಸಬಹುದು, ಕಾಯಿಲ್‌ಗೆ ಆ ಶಕ್ತಿ ಇಲ್ಲದಿದ್ದರೆ, ಸೆನ್ಸರ್ ವೈರ್ ಕಿತ್ತು ಹೋಗಿದ್ದರೆ ಏನಾಗುತ್ತೆ ಯೋಚಿಸಿ. ಏನಾಗುತ್ತೆ ಅಂದರೆ ಎಲ್ಲೋ ಒಂದು ಕಡೆ ಸುಡುತ್ತೆ.

ನಮ್ಮ ಕ್ರೀಡೆಯಲ್ಲಿ ಸುಡುತ್ತಿರುವ ಜಾಗ ಎಲ್ಲಿದೆ ಅಂತ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಪ್ರತಿ ವರ್ಷ ಹೇಳುತ್ತಿದೆ. 2023ರಲ್ಲಿ ಭಾರತದ 5,606 ಮಾದರಿಗಳಲ್ಲಿ 214 ಪಾಸಿಟಿವ್, 3.8 ಪ್ರತಿಶತ. ಹೆಚ್ಚು ಪರೀಕ್ಷೆ ಮಾಡುವ ದೇಶಗಳ ಪೈಕಿ ನಾವೇ ಮೊದಲು. ಹತ್ತರೊಳಗೆ ಬರಬೇಕು ಅಂತಿದ್ದ ದೇಶ ಒಂದು ಪಟ್ಟಿಯಲ್ಲಿ ಆಗಲೇ ಒಂದನೇ ಸ್ಥಾನದಲ್ಲಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೆಹಲಿಯ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾ ತಂಡ ಬಂದಿದೆ ಅಂತ ಗೊತ್ತಾದ ಕೂಡಲೇ ಓಟಗಾರರು ಮಾಯವಾಗಿ, 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ. ನಾವೆಲ್ಲ ಆ ಸುದ್ದಿ ಶೇರ್ ಮಾಡಿ ನಕ್ಕೆವು.

ನಗುವ ವಿಷಯ ಅಲ್ಲ ಅದು. ರಾಜ್ಯಮಟ್ಟದ ಕೂಟದಲ್ಲಿ ಮದ್ದು ತಗೊಳ್ಳೋನು ಒಲಿಂಪಿಕ್ ಚಿನ್ನಕ್ಕಾಗಿ ತಗೊಳ್ಳಲ್ಲ, ಸರ್ಟಿಫಿಕೇಟ್‌ಗಾಗಿ ತಗೊಳ್ತಾನೆ. ಆ ಸರ್ಟಿಫಿಕೇಟ್ ಇದ್ದರೆ ರೈಲ್ವೆ, ಪೊಲೀಸ್, ಸೇನೆಯ ಕ್ರೀಡಾ ಕೋಟಾ. ಬಡವರ ಮನೆಯ ಹುಡುಗ ಸ್ಪೈಕ್ ಶೂ ಕಟ್ಟಿಕೊಂಡದ್ದೇ ಒಂದು ಸಂಬಳಕ್ಕಾಗಿ. ಇದನ್ನು ಸಣ್ಣ ಗುರಿ ಅಂತ ಹೀಗಳೆಯುವವರನ್ನು ಕಂಡರೆ ನನಗೆ ಆಗಲ್ಲ. ನಮ್ಮ ದೇಶದಲ್ಲಿ ಕ್ರೀಡೆಯಿಂದ ಸಿಗುವ ಅತ್ಯಂತ ನಿಜವಾದ ಪದಕ ಅದು. ಸಮಸ್ಯೆ ಏನಪ್ಪಾ ಅಂದರೆ ಆ ಒಂದು ದಿನದ ಒಂದು ಓಟಕ್ಕೆ ಇಡೀ ಮನೆಯ ಮುಂದಿನ ಮೂವತ್ತು ವರ್ಷ ಕಟ್ಟಿಹಾಕಿದ್ದೇವೆ. ಲ್ಯಾಥಮ್ ಲಾರಿಯವರಿಗೆ ಕೊಟ್ಟ ಎರಡನೇ ಮಾತು, ತಪ್ಪಿದರೆ ಶಿಕ್ಷೆ ಇಲ್ಲ ಅನ್ನೋದು, ಇಲ್ಲಿ ಪೂರ್ತಿ ತಲೆಕೆಳಗಾಗಿದೆ. ತಪ್ಪಿದರೆ ವಾಪಸ್ ಊರಿಗೆ.

ಟಾರ್ಗೆಟ್ ಪರ ಇರುವವರು ಬ್ರಿಟನ್ ಉದಾಹರಣೆ ಕೊಡ್ತಾರೆ. ನ್ಯಾಯವಾದ ಉದಾಹರಣೆಯೇ. 1996ರ ಅಟ್ಲಾಂಟಾದಲ್ಲಿ ಒಂದೇ ಚಿನ್ನ, 36ನೇ ಸ್ಥಾನ. ಲಾಟರಿ ದುಡ್ಡು, ಪ್ರತಿ ಕ್ರೀಡೆಗೂ ಪದಕದ ಟಾರ್ಗೆಟ್, ಗೆಲ್ಲದವರಿಗೆ ಅನುದಾನ ಇಲ್ಲ ಎಂಬ ಕಟ್ಟುನಿಟ್ಟು. ಇಪ್ಪತ್ತು ವರ್ಷದಲ್ಲಿ, 2016ರ ರಿಯೋದಲ್ಲಿ 67 ಪದಕ, ಪಟ್ಟಿಯಲ್ಲಿ ಎರಡನೇ ಸ್ಥಾನ. ಇಷ್ಟನ್ನು ಪವರ್‌ಪಾಯಿಂಟ್‌ನಲ್ಲಿ ಹಾಕಿ ನಮ್ಮ ಅಧಿಕಾರಿಗಳು ನಿಲ್ಲಿಸ್ತಾರೆ. ಮುಂದಿನ ಸ್ಲೈಡ್ ನಾನು ಹಾಕ್ತೀನಿ. ರಿಯೋದಲ್ಲಿ ಬ್ರಿಟನ್‌ನ ಬ್ಯಾಡ್ಮಿಂಟನ್‌ಗೆ ಇದ್ದ ಟಾರ್ಗೆಟ್ ಹೆಚ್ಚೆಂದರೆ ಒಂದು ಪದಕ. ಪುರುಷರ ಡಬಲ್ಸ್‌ನಲ್ಲಿ ಕಂಚು ಗೆದ್ದು ಅದನ್ನು ಮುಟ್ಟಿದರು. ಆ ಡಿಸೆಂಬರ್‌ನಲ್ಲೇ ಬ್ಯಾಡ್ಮಿಂಟನ್‌ನ ಅನುದಾನವನ್ನು ಪೂರ್ತಿ ಕಿತ್ತುಕೊಂಡರು. ಮುಂದಿನ ಸಲ ಗೆಲ್ಲುವ ಸಾಧ್ಯತೆ ಕಡಿಮೆ ಅಂತ. ಗುರಿ ಮುಟ್ಟಿದರೂ ಶಿಕ್ಷೆ! ಇನ್ನು ಅಲ್ಲಿನ ಜಿಮ್ನಾಸ್ಟಿಕ್ಸ್ ಬಗ್ಗೆ 2022ರಲ್ಲಿ ಬಂದ ವೈಟ್ ವರದಿ ಓದಿ. ಪದಕಗಳು ಬರುತ್ತಿದ್ದ ಅದೇ ವರ್ಷಗಳಲ್ಲಿ ಮಕ್ಕಳನ್ನು ಗಾಯದ ಮೇಲೆ ಅಭ್ಯಾಸ ಮಾಡಿಸಿದ್ದು, ತೂಕದ ಹೆಸರಲ್ಲಿ ಅವಮಾನಿಸಿದ್ದು ಎಲ್ಲ ಅದರಲ್ಲಿದೆ.

ನಾರ್ವೆಯಲ್ಲಿ ಮಕ್ಕಳಿಗೆ 11 ವರ್ಷ ಆಗುವವರೆಗೆ ಕೂಟಗಳಲ್ಲಿ ರ‍್ಯಾಂಕಿಂಗ್ ಪಟ್ಟಿ ಹಾಕುವಂತಿಲ್ಲ, 13ರವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಮೊದಲ ಸ್ಥಾನದಲ್ಲಿತ್ತು. ಶ್ರೀಮಂತ ದೇಶ, ಹಿಮ ಬೀಳುವ ದೇಶ, ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪಿದೆ. ಆದರೆ ಹತ್ತು ವರ್ಷದ ಮಗುವಿನ ಕೈಗೆ ರ‍್ಯಾಂಕ್ ಕೊಡದಿದ್ದರೆ ದೇಶ ಮುಳುಗಲ್ಲ ಅನ್ನೋದಕ್ಕೆ ಅಷ್ಟು ಸಾಕು.

ಹಾಗಾದರೆ ಸರ್ಕಾರಕ್ಕೆ ಗುರಿ ಬೇಡವಾ? ಬೇಕು. ಆದರೆ ಅದು ಸರ್ಕಾರದ ಕೈಯಲ್ಲಿರುವ ಕೆಲಸದ ಗುರಿ ಆಗಬೇಕು. ಪದಕ ಸರ್ಕಾರದ ಕೈಯಲ್ಲಿಲ್ಲ. ಕೋಚ್ ಹುದ್ದೆ ತುಂಬೋದು ಇದೆ. ಜಿಲ್ಲೆಗೊಬ್ಬ ಫಿಸಿಯೋ ಇಡೋದು ಇದೆ. ಕ್ರೀಡಾ ಹಾಸ್ಟೆಲ್‌ಗೆ 14ನೇ ವಯಸ್ಸಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಜನ 19ಕ್ಕೂ ಆಡ್ತಿದ್ದಾರೆ, ಬಿಟ್ಟವರು ಯಾಕೆ ಬಿಟ್ಟರು, ಗಾಯವಾ, ಮದುವೆಯಾ, ಫೀಸ್ ಕಟ್ಟೋಕೆ ಆಗದೆಯಾ, ಅದನ್ನು ಲೆಕ್ಕ ಇಡೋದು ಇದೆ. ಹೆಣ್ಣುಮಕ್ಕಳು ಅಭ್ಯಾಸ ಮಾಡುವ ಕ್ರೀಡಾಂಗಣದಲ್ಲಿ ಬಾಗಿಲಿರುವ ಶೌಚಾಲಯ ಕಟ್ಟೋದಂತೂ ಖಂಡಿತ ಇದೆ. 2036ಕ್ಕೆ ಹತ್ತನೇ ಸ್ಥಾನ ಅಂತ ಹೇಳುವ ಸಚಿವರು ಆ ವರ್ಷ ಯಾವ ಖಾತೆಯಲ್ಲಿರ್ತಾರೋ, ಯಾವ ಪಕ್ಷದಲ್ಲಿರ್ತಾರೋ ಯಾರಿಗೆ ಗೊತ್ತು. ಬರುವ ಮಾರ್ಚ್ ಒಳಗೆ ಇಷ್ಟು ಕೋಚ್ ಹುದ್ದೆ ಅಂದರೆ ಏಪ್ರಿಲ್‌ನಲ್ಲಿ ನಾವು ಹೋಗಿ ಎಣಿಸಬಹುದು. ಬಹುಶಃ ಅದಕ್ಕೇ ಯಾರೂ ಹಾಗೆ ಹೇಳಲ್ಲ.

ಫೆಬ್ರವರಿಯಲ್ಲಿ ಒಂದು ತಾಲೂಕು ಕ್ರೀಡಾಂಗಣಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ, ಅಲ್ಲಿನ ಕೋಚ್ ಕೆಲಸಕ್ಕೆ ಕುತ್ತು. ಬೆಳಿಗ್ಗೆ ಐದೂಮುಕ್ಕಾಲು, ಲಾಂಗ್ ಜಂಪ್ ಪಿಟ್‌ನ ಮರಳನ್ನು ಅವರೇ ಸಲಿಕೆ ಹಿಡಿದು ಸಡಿಲ ಮಾಡ್ತಿದ್ದರು. ಗುತ್ತಿಗೆ ನೌಕರಿ, ಪ್ರತಿ ವರ್ಷ ಮಾರ್ಚ್‌ಗೆ ಮುಗಿಯುತ್ತೆ. 'ಈ ವರ್ಷ ನಿಮ್ಮ ಗುರಿ ಏನು ಸರ್?' ಅಂತ ಮಾಮೂಲಿ ಪ್ರಶ್ನೆ ಕೇಳಿದೆ. 'ರಿನ್ಯೂವಲ್' ಅಂದರು, ನಗಲೂ ಇಲ್ಲ. ಜಿಲ್ಲೆಯಿಂದ ಫಾರ್ಮ್ ಬಂದಿತ್ತಂತೆ, ಈ ಸಾಲಿನಲ್ಲಿ ನಿರೀಕ್ಷಿತ ಪದಕಗಳ ಸಂಖ್ಯೆ ಬರೆಯಿರಿ ಅಂತ. ಎಷ್ಟು ಬರೆದ್ರಿ? 'ಹೋದ ವರ್ಷ ನಾಲ್ಕು ಬರೆದಿದ್ದೆ, ಈ ವರ್ಷ ಐದು. ಕಮ್ಮಿ ಬರೆಯೋಕಾಗುತ್ತಾ?'

ಅಭ್ಯಾಸ ಮಾಡ್ತಿದ್ದ ಹುಡುಗಿಯರಲ್ಲಿ ಒಬ್ಬಳ ನೋಟ್‌ಬುಕ್ ಪಿಟ್ ಪಕ್ಕದ ಕಲ್ಲಿನ ಮೇಲಿತ್ತು. ಕೇಳಿ ತೆಗೆದು ನೋಡಿದೆ. ಹತ್ತನೇ ಕ್ಲಾಸ್ ಹುಡುಗಿ. ಪದಕದ ಮಾತಿಲ್ಲ, ಮೀಟರ್ ಲೆಕ್ಕವೂ ಕೊನೆಯಲ್ಲಿ ಒಂದೇ ಸಾಲು. ಮೇಲೆ ಬರೆದದ್ದು: 'ಬೋರ್ಡ್ ನೋಡಬಾರದು. ಕೊನೆ ಮೂರು ಹೆಜ್ಜೆ ನಿಧಾನ ಆಗಬಾರದು. ಆರರಲ್ಲಿ ನಾಲ್ಕು ಜಂಪ್ ಫೌಲ್ ಇಲ್ಲದೆ.' ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದ್ದಕ್ಕೆ ಸಲಿಕೆ ಹಿಡಿದವರ ಕಡೆ ಕೈ ತೋರಿಸಿದಳು. ಅವರು ಲಾಕ್, ಲ್ಯಾಥಮ್ ಹೆಸರು ಕೇಳಿರಲಿಲ್ಲ.

ಈ ಲೇಖನ ಬರೆಯುವ ಮೊದಲು ಅವರಿಗೆ ಫೋನ್ ಮಾಡಿದೆ. ರಿನ್ಯೂವಲ್ ಆದೇಶ ಇನ್ನೂ ಬಂದಿಲ್ಲ, ಎರಡು ತಿಂಗಳಿಂದ ಸಂಬಳ ಇಲ್ಲ, ಬೆಳಿಗ್ಗೆ ಹೋಗೋದು ಮಾತ್ರ ಬಿಟ್ಟಿಲ್ಲ. ಆ ಹುಡುಗಿ? 'ಮೊನ್ನೆ ಆರರಲ್ಲಿ ಐದು ಕ್ಲೀನ್ ಸರ್' ಅಂದರು. ಆಮೇಲೆ ಸ್ವಲ್ಪ ತಡೆದು, ಬೆಂಗಳೂರಲ್ಲಿ ಇಲಾಖೆಯವರು ಯಾರಾದರೂ ಪರಿಚಯ ಇದ್ದಾರಾ, ಫೈಲ್ ಎಲ್ಲಿ ನಿಂತಿದೆ ಅಂತ ಸ್ವಲ್ಪ ವಿಚಾರಿಸಿ ಹೇಳ್ತೀರಾ ಅಂತ ಕೇಳಿದರು.